ಗುದ್ನೆಪ್ಪ ಅವ್ವನ ಔಷಧಿ ಕಟ್ಟಿದ್ದು

ಹೂಂ ಅನ್ನೋರು ಒಬ್ಬರಾದರೂ ಎಚ್ಚರ ಇರ್ರೆಪ್ಪಾ. ಈ ಕತಿ ಕೇಳಿದ್ರ ಕಣ್ಣಿಗೆ ಜೊಂಪು ಹತ್ತತೈತಿ. ಎಲ್ಲಾರೂ ಮಲಗಿಬಿಟ್ರ ನಾ ಯಾರಿಗೆ ಹೇಳ್ಲಿ?

ಬೆಟಗೇರಿ ನೇಕಾರ ಓಣ್ಯಾಗ ಫಕೀರವ್ವ ಅಂತ ಒಬ್ಬಾಕಿ ಇದ್ಲು. ದಿನಾ ಕುಂತು ಮಗ್ಗದ ಲಾಳಿಗೆ ನೂಲಿನ ಕಂಡಿಕಿ ಸುತ್ತಾಕಿ. ಮೂವತ್ತು ವರ್ಷ ನೂಲಿನ ಧೂಳು ಕುಡದು ಕುಡದು ಆಕಿಗೆ ದಮ್ಮು ಹತ್ತಿತ್ತು. ಇಬ್ಬರು ಮಕ್ಕಳು. ದೊಡ್ಡಾಕಿ ದಾಕ್ಷಾಯಣಿ, ಶಾಣ್ಯಾಕಿ. ಆಕಿನ್ನ ಮಿಲಿಟರಿಯವಗ ಕೊಟ್ಟು ದಿಲ್ಲಿಗೆ ಕಳಿಸಿದ್ರು. ಸಣ್ಣಾಂವ ಗುದ್ನೆಪ್ಪ. ವಯಸ್ಸು ಇಪ್ಪತ್ತಾರು, ಮನಸು ಬೆಣ್ಣಿ, ಆದ್ರ ಮಳ್ಳ!

ಎಂಥಾ ಮಳ್ಳ ಅಂತೀರಿ? "ಹಾಲು ಉಕ್ಕತೈತಿ, ನೋಡೋ" ಅಂದ್ರ ನೋಡ್ಕೋತ ಕುಂದ್ರಾಂವ.

"ಉಕ್ಕಿತೇನ್ಲೇ?"

"ಚೊಲೋ ಉಕ್ಕಿತವ್ವಾ! ಮೋಡ ಎದ್ದಂಗ ಎದ್ದು, ಒಲಿ ಮ್ಯಾಲೆ ಮಳಿ ಸುರದಂಗ ಸುರೀತು!"

"ಇಳಸಬಾರದೇನೋ ಮಳ್ಳಾ!"

"ನೋಡು ಅಂದಿ. ಇಳಸು ಅನ್ನಲಿಲ್ಲಲ್ಲ."

ಫಕೀರವ್ವ ಹಣಿ ಹಣಿ ಬಡಕೊಳ್ಳಾಕಿ. "ನಾ ಸತ್ತ ಮ್ಯಾಲೆ ಈ ಕೂಸಿನ ಗತಿ ಏನಪಾ ಗುದ್ನೇಶ್ವರಾ!" ಅನ್ನಾಕಿ. ಅಂವ ಮಾತ್ರ ಬಾಗಲ ಹೊಸ್ತಲದಾಗ ಕುಂತು, ಓಣಿ ಮ್ಯಾಲೆ ತೇಲಿ ಹೋಗೋ ಮೋಡ ನೋಡ್ಕೋತ ಬಾಯಿ ತಕ್ಕೊಂಡು ಇರಾಂವ.

ಹಿಂಗಿರಬೇಕಾದ್ರ ಒಂದಿನ ದಿಲ್ಲಿಯಿಂದ ಅಳಿಯಾ ಚನ್ನವೀರನ ಫೋನ್ ಬಂತು.

"ಅತ್ತೀ, ದಾಕ್ಷಿಗೆ ದಿನಾ ತುಂಬಾಕ ಬಂದಾವ. ಚೊಚ್ಚಲ ಬಾಣಂತನಕ್ಕ ತವರಿಗೆ ಕಳಸಬೇಕಂತಿದ್ದೆ, ಡಾಕ್ಟರು ಪ್ರಯಾಣ ಬ್ಯಾಡಂದ್ರು. 'ಅವ್ವ ಬೇಕು, ಅವ್ವ ಬೇಕು' ಅಂತ ಆಕಿ ಒಂದೇ ಸಮ ಅಳಾಕ ಹತ್ಯಾಳ. ಐತವಾರ ಮುಂಜಾನೆ ವಿಮಾನದ ಟಿಕೀಟು ತಗದೀನಿ. ಗುದ್ನೆಪ್ಪನ್ನ ಕರಕೊಂಡು ಬಂದುಬಿಡ್ರಿ."

ಫಕೀರವ್ವಗ ಓದಾಕ ಬರತಿದ್ದಿಲ್ಲ. ಗುದ್ನೆಪ್ಪಗ ಬರತಿತ್ತು. ತ್ರಾಸು ಅದ ನೋಡ್ರಿ! ಓದಿದ್ದೆಲ್ಲಾ ಮಾಡಾಂವ, ಕೇಳಿದ್ದೆಲ್ಲಾ ಮಾಡಾಂವ.

ಆಕಿ ಔಷಧಿ ನಾಕು ಥರ. ಒಂದು ದಮ್ಮಿನ ಪಂಪು. ಬಾಯಾಗಿಟ್ಟು ಒತ್ತಿದ್ರ ಉಸಿರು ಹಗುರ ಆಕ್ಕಿತ್ತು. ಅದು ಇಲ್ಲದ ಆಕಿ ಓಣಿ ದಾಟತಿದ್ದಿಲ್ಲ. ಒಂದು ದೊಡ್ಡ ಬಾಟ್ಲಿ ಕೆಮ್ಮಿನ ಔಷಧಿ. ಒಂದಿಷ್ಟು ಬಿ.ಪಿ. ಗುಳಗಿ. ಮತ್ತ ಮೊಣಕಾಲಿಗೆ ಹೊಡಕೊಳ್ಳೋ ಸ್ಪ್ರೇ ಡಬ್ಬಿ.

"ಹೋಗಪಾ, ಕುಬೇರಪ್ಪನ ಔಷಧಿ ಅಂಗಡಿಗೆ ಇವನ್ನ ತಗೊಂಡು ಹೋಗು. ವಿಮಾನದಾಗ ಹೆಂಗ ಒಯ್ಯಬೇಕು ಕೇಳ್ಕೊಂಡು ಬಾ. ಅವರು ಹೇಳಿದಂಗ ಮಾಡು!"

ಹೋದ. ಕೇಳಿದ. ಕುಬೇರಪ್ಪ ಗಿರಾಕಿ ನಡುವ ಅಂದ: "ದೊಡ್ಡ ಲಗೇಜಿಗೆ ಹಾಕಬ್ಯಾಡೋ ತಮ್ಮಾ, ಅದು ಬ್ಯಾರೆ ಕಡೆ ಹೊಕ್ಕೈತಿ. ಔಷಧಿ ಯಾವಾಗ್ಲೂ ಕೈಯಾಗ ಇರಬೇಕು."

ಆತು! ಬಲಗೈಯಾಗ ಬಾಟ್ಲಿ, ಪಂಪು. ಎಡಗೈಯಾಗ ಗುಳಗಿ, ಸ್ಪ್ರೇ ಡಬ್ಬಿ. ಹಂಗ ಮನಿಗೆ ಬಂದ. ಹಂಗ ಕುಂತ. ಊಟಕ್ಕ ಕರದ್ರ ಬಾಯಿ ಅಷ್ಟ ತಗದ. ಅವ್ವ ತುತ್ತು ಮಾಡಿ ತಿನ್ನಿಸಿದ್ಲು. ಇದೂ ಒಂದು ಮಳ್ಳಾಟ ಇರಬೇಕು ಅಂದ್ಕೊಂಡು ಪಾಪ ಏನೂ ಕೇಳಲಿಲ್ಲ. ಮೂಗಿನ ಮ್ಯಾಲೆ ನೊಣ ಕುಂತ್ರ ಉಫ್ ಅಂದ. ಮಲಗುವಾಗೂ ಎರಡೂ ಕೈ ಎತ್ತಿ ಹಿಡಕೊಂಡ ಮಲಗಿದ. ಬೆಳಗಾಗೋದ್ರಾಗ ಬಾಟ್ಲಿ ಎದಿ ಮ್ಯಾಲೆ, ಗುಳಗಿ ಗಲ್ಲದ ಕೆಳಗ, ಆದ್ರ ಕೈಬೆರಳು ಮಾತ್ರ ಬಿಟ್ಟಿದ್ದಿಲ್ಲ.

"ಏನ್ಲೇ ಇದು?"

"ಕೈಯಾಗ ಇರಬೇಕಂತವ್ವಾ. ಯಾವಾಗ್ಲೂ!"

"ಅಯ್ಯ ಮಳ್ಳಾ! ಕೈಯಾಗ ಅಂದ್ರ ಕೈಚೀಲದಾಗೋ! ಚೀಲದಾಗ ಹಾಕಿ ನಮ್ಮ ಜೋಡಿ ಇಟ್ಕೊಳ್ಳೋದು! ಹೋಗು, ಮತ್ತೇನು ಮಾಡಬೇಕು ಸರಿಯಾಗಿ ಕೇಳು!"

ಹೋದ. ಕೇಳಿದ. ಕುಬೇರಪ್ಪ ಅಂದ: "ಔಷಧಿ ಯಾರದಂತ ಗೊತ್ತಾಗಬೇಕಲ್ಲೋ. ನಿಮ್ಮವ್ವನ ಹೆಸರು ಇರಬೇಕು ನೋಡು."

ಗುದ್ನೆಪ್ಪ ಮನಿಗೆ ಬಂದು ಮೂಲ್ಯಾಗ ಕುಂತ. ಹಾಳಿ ಒಳಗಿನ ಗುಳಗಿ ಎಲ್ಲಾ ಟಪ್ ಟಪ್ ಅಂತ ಬಿಡಿಸಿದ. ಸಾಲಿಗೆ ಹೋದಾಗಿನ ಪೆನ್ನು ಹುಡುಕಿದ. ಒಂದೊಂದ ಗುಳಗಿ ಮ್ಯಾಲೆ ಅವ್ವನ ಹೆಸರು ಬರದ. ಗುಳಗಿ ಸಣ್ಣದು, ಹೆಸರು ಉದ್ದ. ಒಂದರ ಮ್ಯಾಲೆ 'ಫ' ಬರದ. ಇನ್ನೊಂದರ ಮ್ಯಾಲೆ 'ಕೀರ' ಬರದ. ಮತ್ತೊಂದರ ಮ್ಯಾಲೆ 'ವ್ವ' ಬರದ. ಮೂರು ಗುಳಗಿ ಕೂಡಿದ್ರ ಒಬ್ಬಾಕಿ ಅವ್ವ! ಮಧ್ಯಾಹ್ನ ಪೂರಾ ಬರದ. ಚಾಪಿ ತುಂಬ ಸಣ್ಣ ಸಣ್ಣ ಅವ್ವಗಳು ಬಿಸಿಲಿಗೆ ಒಣಗಾಕ ಬಿದ್ದಿದ್ವು. ಅಂವ ನೋಡಿದ, ನೋಡಿದ, ಅಂವಗ ಭಾಳ ಸಂತೋಷ ಆತು.

ಫಕೀರವ್ವ ಬಂದು ನೋಡಿ ಅಲ್ಲೇ ಕುಂತಳು.

"ಗುಳಗಿ ಮ್ಯಾಲೆ ಬರದೀಯೇನೋ!"

"ಹೌದವ್ವಾ. ಈ ಒಂದು 'ಕೀರ' ಹೆಚ್ಚಿಗಿ ಉಳದೈತಿ."

"ಡಾಕ್ಟರ ಚೀಟಿ ಮ್ಯಾಲೆ ಹೆಸರು ಇದ್ರ ಸಾಕಿತ್ತೋ! ಗುಳಗಿ ಬಿಡಸಬಾರದು! ಯಾವ ಹಾಳಿ ಒಳಗ ಇರತಾವ ಅದರಾಗ ಇರಬೇಕು! ಈಗ ಹೊಸಾವು ತರಬೇಕಲ್ಲೋ!"

ಬೈದ್ಲು. ಬೈದು ಬೈದು ಕೆಮ್ಮಿದ್ಲು. ಹೊಸಾ ಗುಳಗಿ ತರಾಕ ಮತ್ತ ಅವನ್ನ ಕಳಿಸಿದ್ಲು. ಈ ಸಲ ಕುಬೇರಪ್ಪ ತಾನ ಕರದು ಹೇಳಿದ: "ತಮ್ಮಾ, ಇನ್ನೊಂದು ಮಾತು. ವಿಮಾನದ ಕೈಚೀಲದಾಗ ನೀರಿನಂಥಾದ್ದು ಏನಿದ್ರೂ ನೂರು ಎಂ.ಎಲ್. ಅಷ್ಟ. ಅದಕ್ಕ ಮ್ಯಾಲೆ ಬಿಡಂಗಿಲ್ಲ." ಮುಂದ ಏನೋ ಹೇಳಾಕ ಹೊಂಟಿದ್ದ, ಗುದ್ನೆಪ್ಪ ಆಗಲೇ ಅರ್ಧ ಓಣಿ ದಾಟಿದ್ದ.

ಕೆಮ್ಮಿನ ಔಷಧಿ ಬಾಟ್ಲಿ ಮ್ಯಾಲೆ ಓದಿದ: ಇನ್ನೂರು. ನೂರು ಹೆಚ್ಚಿಗಿ! ಚೆಲ್ಲಿದ್ರ ಪಾಪ ಬರತೈತಿ. ಏನು ಮಾಡೋದು? ಬಾಟ್ಲಿ ಒಂದು ಕೈಯಾಗ, ಚಮಚಾ ಒಂದು ಕೈಯಾಗ ಹಿಡಕೊಂಡು ಹೊಂಟ.

"ಅಣ್ಣಾ, ಒಂದು ಚಮಚಾ ಕುಡಿ."

"ಏನದು?"

"ಅವ್ವನ ಔಷಧಿ. ಸಿಹಿ ಐತಿ. ವಿಮಾನಕ್ಕ ಹೆಚ್ಚಿಗಿ ಆಗೇತಿ."

ಗುದ್ನೆಪ್ಪ ಕೊಟ್ರ ಓಣ್ಯಾಗ ಯಾರೂ ಒಲ್ಲೆ ಅನ್ನತಿದ್ದಿಲ್ಲ. ಅವನ ಮಾರಿ ಅಂಥಾದ್ದು. ಕುಡದ್ರು. ಮೊದಲನೇ ಮನ್ಯಾಗ ಮೂವರು, ಎರಡನೇದ್ರಾಗ ಇಬ್ಬರು, ಕಟ್ಟಿ ಮ್ಯಾಲೆ ಚೌಕಾಬಾರಾ ಆಡೋ ಮುದುಕರು ನಾಲ್ವರು. ಇಪ್ಪತ್ತು ಚಮಚಾ, ಇಪ್ಪತ್ತು ಮಂದಿ. ಸರಿಯಾಗಿ ನೂರು ಉಳೀತು.

ಬಿಸಿಲು ಹೊತ್ತು. ಊಟ ಆಗಿತ್ತು. ಖಟ್ ಪಟ್, ಖಟ್ ಪಟ್ ಅನ್ನತಿದ್ದ ಮಗ್ಗ ಒಂದು ನಿಂತಿತು. ಆಮ್ಯಾಲೆ ಇನ್ನೊಂದು ನಿಂತಿತು. ಖಟ್... ಪಟ್... ಮತ್ತೊಂದು. ಲಾಳಿ ಹಿಡದ ಕೈ ಹಂಗ ಜೋತು ಬಿತ್ತು. ಮುದುಕರು ಕವಡಿ ಮ್ಯಾಲೆ ತಲಿ ಇಟ್ರು. ರೊಟ್ಟಿ ಹಂಚಿನ ಮುಂದ ಒಬ್ಬಾಕಿ ನಕ್ಕೋತ ಗ್ವಾಡಿಗೆ ಒರಗಿದ್ಲು. ರೊಟ್ಟಿ ಮಾತ್ರ ಗುದ್ನೆಪ್ಪ ತಿರುವಿ ಹಾಕಿ ಇಳಿಸಿದ. ಓಣಿ ತುಂಬ ನಿದ್ದಿ ನೀರಿನಂಗ ನಿಂತಿತು. ಬಣ್ಣಾ ಹಾಕಿ ಹಗ್ಗದ ಮ್ಯಾಲೆ ಒಣಗಾಕ ಬಿಟ್ಟ ನೂಲು, ಕೆಂಪು, ಹಳದಿ, ಹಸರು, ಅಷ್ಟ ಗಾಳಿಗೆ ಅಲಗತಿತ್ತು. ಗುದ್ನೆಪ್ಪ ಬರಿಗಾಲಲೆ ಒಬ್ಬೊಬ್ಬರ ಹತ್ತರ ಹೋಗಿ, ಬಿಸಿಲು ಬಿದ್ದವರಿಗೆ ನೆರಳು ಮಾಡಿದ, ನೊಣ ಕುಂತವರಿಗೆ ಬೀಸಿದ.

ಕಂಡಿಕಿ ಕೊಟ್ಟು ಬರಾಕ ಹೋಗಿದ್ದ ಫಕೀರವ್ವ ಓಣಿ ಬಾಯಿಗೆ ಬಂದು ನಿಂತಳು. ಸಪ್ಪಳಿಲ್ಲ! ಮೂವತ್ತು ವರ್ಷದಾಗ ಹಗಲ ಹೊತ್ತು ಆ ಓಣಿ ಸುಮ್ಮನ ಆಗಿದ್ದು ಆಕಿ ಕಂಡಿದ್ದಿಲ್ಲ.

"ಯಾರು ಹೋದ್ರೋ! ಏನಾತೋ!"

"ಶ್‌ಶ್! ಮೆತ್ತಗವ್ವಾ," ಅಂದ ಗುದ್ನೆಪ್ಪ. "ಎಲ್ಲಾರೂ ಮಲಗ್ಯಾರ. ಈಗ ನೂರ ಉಳದೈತಿ!"

ಸಂಜಿಮುಂದ ಒಬ್ಬೊಬ್ಬರ ಆಕಳಿಸಿ ಎದ್ರು. ಯಾರೂ ಜಗಳಾ ಮಾಡಲಿಲ್ಲ. ಎಲ್ಲಾರಿಗೂ ಚೊಲೋ ಕನಸು ಬಿದ್ದಿದ್ವಂತ. ಆದ್ರ ಫಕೀರವ್ವ ಮಗನ ಕಿವಿ ಹಿಡದು ದರದರ ಎಳಕೊಂಡು ಕುಬೇರಪ್ಪನ ಮುಂದ ನಿಲ್ಲಿಸಿದ್ಲು.

"ನಿಮ್ಮವ್ವನ ಔಷಧಿ ಊರಿಗೆ ಹಂಚೋದೇನೋ! ಒಬ್ಬರ ಔಷಧಿ ಇನ್ನೊಬ್ಬರಿಗೆ ವಿಷ ಆಕ್ಕೈತಿ!" ಅಂತ ಕುಬೇರಪ್ಪನೂ ಒದರಿದ. "ಔಷಧಿಗೆ ಆ ನೂರರ ಕಟ್ಟಳೆ ಇಲ್ಲೋ! ಡಾಕ್ಟರ ಚೀಟಿ ತೋರಿಸಿದ್ರ ಬಿಡತಾರ. ಅದನ್ನ ಹೇಳೂದ್ರಾಗ ಓಡಿ ಹೋದಿ!" ಹೊಸಾ ಬಾಟ್ಲಿ ಕೊಟ್ಟ. ಆಮ್ಯಾಲೆ ಬೆರಳು ಎತ್ತಿ, ಒಂದೊಂದ ಮಾತು ಒತ್ತಿ ಒತ್ತಿ ಹೇಳಿದ: "ಪೂರಾ ಕೇಳು. ಈ ಸ್ಪ್ರೇ, ಈ ಪಂಪು, ಇವುದ್ರಾಗ ಗಾಳಿ ಜಡದು ತುಂಬಿರತಾರ. ಒಂದು, ಬಿಸಿಲಿಗೆ ಇಡಬಾರದು. ಎರಡು, ಹಾದ್ಯಾಗ ಗುಂಡಿ ಒತ್ತಿ ಬಿಡಬಾರದು. ಮುಚ್ಚಳಾ ಭದ್ರ ಇರಬೇಕು. ತಿಳೀತಾ?"

"ತಿಳೀತು ಕಾಕಾ. ಬಿಸಿಲಿಗೆ ಇಡಬಾರದು. ಗುಂಡಿ ಒತ್ತಬಾರದು. ಮುಚ್ಚಳಾ ಭದ್ರ!"

"ಶಾಣ್ಯಾ!" ಅಂದ ಕುಬೇರಪ್ಪ. ಅವ್ವನ ಕಣ್ಣಾಗ ನೀರು ಬಂತು. ಮಗ ಶಾಣ್ಯಾ ಅನಿಸಿಕೊಂಡದ್ದು ಅದ ಮೊದಲು.

ಐತವಾರ ಮುಂಜಾನೆ ಹೊಂಟ್ರು. ಹುಬ್ಬಳ್ಳಿ ಬಸ್ಸು ಇಳದು ರಿಕ್ಷಾಕ್ಕ ನಿಂತಾಗ ಬಿಸಿಲು ಚುರುಕಾಗಿತ್ತು. ಗುದ್ನೆಪ್ಪ ಛತ್ರಿ ಬಿಚ್ಚಿದ. ಬಿಚ್ಚಿ ಕೈಚೀಲದ ಮ್ಯಾಲೆ ಹಿಡದ. ಚೀಲ ನೆರಳಾಗ, ಅವ್ವ ಬಿಸಿಲಾಗ.

"ನನಗರ ಒಂದೀಟು ಹಿಡಿಯೋ."

"ನಿನ್ನೊಳಗ ಗಾಳಿ ಜಡದು ತುಂಬಿಲ್ಲಲ್ಲವ್ವಾ."

ಅದಕ್ಕ ಏನು ಹೇಳ್ತೀರಿ? ಆಕಿ ಸೆರಗು ತಲಿ ಮ್ಯಾಲೆ ಎಳಕೊಂಡ್ಲು. ಬಿಸಿಲು, ಅವಸರ, ಎಂದೂ ಕಾಣದ ದೊಡ್ಡ ದೊಡ್ಡ ಗಾಜಿನ ಬಾಗಲಾ. ವಿಮಾನ ನಿಲ್ದಾಣದ ಒಳಗ ತಪಾಸಣಿ ಸಾಲಿನ್ಯಾಗ ನಿಂತಾಗ ಆಕಿ ಎದ್ಯಾಗ ಸುಂಯ್, ಸುಂಯ್ ಅನ್ನಾಕ ಹತ್ತಿತು.

"ಗುದ್ನ್ಯಾ... ಪಂಪು ಕೊಡು."

ಅಂವ ಚೀಲದಾಗ ಕೈ ಹಾಕಿ ಪಂಪು ತಗದ. ಅಯ್ಯಯ್ಯ! ಪಂಪು ಕಾಣವಲ್ದು! ಮ್ಯಾಲಿಂದ ಕೆಳಗಿನ ಮಟ ನೂಲು! ಕಂಡಿಕಿ ಸುತ್ತಿದಂಗ ಸುತ್ಯಾನ, ಮ್ಯಾಲೆ ನೇಕಾರರ ಗಂಟು ಹಾಕ್ಯಾನ, ಗಂಟಿನ ಮ್ಯಾಲೆ ಗಂಟು ಹಾಕ್ಯಾನ.

"ಏನೋ ಇದು..."

"ಮುಚ್ಚಳಾ ಭದ್ರವ್ವಾ! ಯಾರೂ ಒತ್ತಾಕ ಆಗೂದಿಲ್ಲ!"

"ಬಿಚ್ಚೋ..."

"ಹಾದ್ಯಾಗ ಒತ್ತಬಾರದಂತವ್ವಾ. ದಿಲ್ಲಿ ಬರ್ಲಿ."

ಫಕೀರವ್ವಗ ಮುಂದ ಮಾತಾಡಾಕ ಉಸಿರು ಇದ್ದಿಲ್ಲ. ಮಗನ ತೋಳು ಹಿಡಕೊಂಡು ಹಂಗ ಕೆಳಗ ಕುಂತಳು. ತುಟಿ ನೀಲಿ ಆದ್ವು. ಆಗ ನೋಡ್ರಿ ಗುದ್ನೆಪ್ಪಗ ಅಂಜಿಕಿ ಬಂತು. ಕುಬೇರಪ್ಪನ ಮಾತು ಒಂದು ಕಡೆ, ಅವ್ವನ ತುಟಿ ಒಂದು ಕಡೆ. ಅಂವ ಗಂಟು ಎಳದ, ಬರಲಿಲ್ಲ. ಹಲ್ಲಿಲೆ ಕಡದ, ಹರೀಲಿಲ್ಲ. "ಅವ್ವಾ! ಅವ್ವಾ!" ಅಂತ ಚೀರಿದ. ಸಾಲು ಪೂರಾ ತಿರುಗಿ ನೋಡಿತು.

ತಪಾಸಣಿ ಮಾಡೋ ಖಾಕಿ ಹೆಣಮಗಳು ಓಡಿ ಬಂದ್ಲು. ಪಂಪು ನೋಡಿದ್ಲು, ಮುದುಕಿನ್ನ ನೋಡಿದ್ಲು. ಮಂದಿ ಚೀಲದಿಂದ ತಗದಿಟ್ಟ ಚಾಕು ಕತ್ತರಿ ಎಲ್ಲಾ ಒಂದು ಡಬ್ಬ್ಯಾಗ ಇದ್ವು. ಅದರಾಗಿಂದ ಒಂದು ಕತ್ತರಿ ಎತ್ತಿ ಕರಕ್, ಕರಕ್ ಅಂತ ಕತ್ತರಿಸಿದ್ಲು. ಮುಚ್ಚಳಾ ತಗದು ಫಕೀರವ್ವನ ಬಾಯಿಗೆ ಹಿಡದ್ಲು. ಒಂದು ಸಲ. ಎರಡು ಸಲ. ಸ್ವಲ್ಪ ಹೊತ್ತಿಗೆ ಎದಿ ಇಳೀತು, ಏರಿತು. ತುಟಿಗೆ ಬಣ್ಣ ಬಂತು.

ಗುದ್ನೆಪ್ಪ ನೆಲದ ಮ್ಯಾಲೆ ಕುಂತು, ಕತ್ತರಿಸಿದ ನೂಲು ಬೆರಳಿಗೆ ಸುತ್ಕೋತ ಅಳತಿದ್ದ. "ನಾ ಅವರು ಹೇಳಿದಂಗ ಮಾಡೀನವ್ವಾ. ಹೇಳಿದಂಗ ಮಾಡೀನಿ."

ಬೈಯಬೇಕಂತ ಬಾಯಿ ತಗದ ಫಕೀರವ್ವ ಅವನ ತಲಿ ತೊಡಿಗೆ ಎಳಕೊಂಡ್ಲು. ಆದ್ರೂ ಬುದ್ಧಿ ಹೇಳದ ಬಿಟ್ಲೇನು?

"ಕೇಳೋ ಮಳ್ಳಾ. ಯಾರೇ ಆಗ್ಲಿ ಉಸಿರಿಗೆ ಒದ್ದಾಡೋದು ಕಂಡ್ರ, ಅಲ್ಲಿ ಯಾರ ಮಾತೂ ನೆನಸಬ್ಯಾಡ. ಓಡಿ ಹೋಗಿ ಬಾಯಿಗೆ ಪಂಪು ಹಿಡಿ!"

"ಹೂಂ ಅವ್ವಾ. ಓಡಿ ಹೋಗಿ ಹಿಡೀತೀನಿ."

ವಿಮಾನ ಹತ್ತಿದ್ರು. ಕುಂತ್ರು. ಮುಂದ ನಡುವಿನ ಹಾದ್ಯಾಗ ವಿಮಾನದ ಹುಡುಗಿ ಬಂದು ನಿಂತಳು, ಅಪಾಯ ಬಂದ್ರ ಏನು ಮಾಡಬೇಕಂತ ತೋರಸಾಕ. ಹಳದಿ ಬಟ್ಟಲ ಒಂದು ಎತ್ತಿ ಮೂಗು ಬಾಯಿಗೆ ಹಿಡಕೊಂಡ್ಲು. ಆಮ್ಯಾಲೆ ಕೊಳ್ಳಾಗ ಹಾಕ್ಕೊಂಡ ಗಾಳಿ ಜಾಕೀಟಿನ ಕೊಳವಿ ತುಟಿ ಹತ್ತರ ತಂದು ಉಫ್ ಉಫ್ ಅನ್ನೋ ಹಂಗ ಮಾಡಿದ್ಲು.

ಗುದ್ನೆಪ್ಪ ಕಂಡ. ಎದ್ದ!

"ಅಕ್ಕಾ! ಅಂಜಬ್ಯಾಡ ಅಕ್ಕಾ!"

ಮಂದಿ ಕಾಲು ತುಳಕೋತ ಓಡಿದ. ಆಕಿ ಕೈಯಾಗಿನ ಕೊಳವಿ ಕಸಗೊಂಡು ಬಾಯಿಗೆ ಪಂಪು ಹಿಡದ. "ಎಳಕೋ! ಜೋರಲೆ ಎಳಕೋ ಅಕ್ಕಾ! ಈಗ ಹಗುರ ಆಕ್ಕೈತಿ!"

ವಿಮಾನ ಪೂರಾ ನಕ್ಕಿತು. ಆ ಹುಡುಗಿ ಧಾರವಾಡ ಕಡೆಯಾಕಿ. ಮೊದಲ ಹೌಹಾರಿದ್ಲು, ಆಮ್ಯಾಲೆ ಅವನ ಕಣ್ಣಾಗಿನ ನೀರು ನೋಡಿ ಅವನ ಕೈ ಹಿಡಕೊಂಡ ಸೀಟಿಗೆ ತಂದು ಕುಂದರಿಸಿದ್ಲು.

"ನನಗೇನೂ ಆಗಿಲ್ಲೋ ಯಣ್ಣಾ! ಸುಮ್ಮನ ಮಾಡಿ ತೋರಸಾಕ ಹತ್ತಿದ್ದೆ. ನೋಡು, ಈ ಪಟ್ಟಿ ಬಿಗದು ಕಟ್ಕೋ. ಮ್ಯಾಲೆ ಸಣ್ಣ ಕೆಂಪು ದೀಪ ಐತಿ, ಕಂಡತಾ? ಅದು ಹತ್ತಿದಾಗ ಏಳಬಾರದು. ಯಾರು ಕರದ್ರೂ ಏಳಬಾರದು. ಆರಿದ ಮ್ಯಾಲೆ ಏಳೂದು."

"ಕೇಳಿದೇನು?" ಅಂದ್ಲು ಫಕೀರವ್ವ, ನಾಚಿಕೀಲೆ ಸೆರಗು ಮಾರಿಗೆ ಹಿಡಕೊಂಡು. "ಅಕ್ಕಾರು ಹೇಳಿದ್ದು ಎದ್ಯಾಗ ಇಟ್ಕೋ. ಅಷ್ಟ ಮಾಡಿದ್ರ ನಿನ್ನ ಕಾಲಿಗೆ ಬೀಳತೀನಿ."

ಗುದ್ನೆಪ್ಪ ಎದ್ಯಾಗ ಇಟ್ಕೊಂಡ.

ವಿಮಾನ ಮ್ಯಾಲೆ ಹೋತು. ಊರು ಸಣ್ಣಾತು, ಕೆರಿ ಒಂದು ರೂಪಾಯಿ ಬಿಲ್ಲಿ ಆತು, ಆಮ್ಯಾಲೆ ಏನೂ ಇಲ್ಲ, ಬರೇ ಬಿಳುಪು. ಕಿಟಕಿ ಹೊರಗ ಮೋಡ ಗುಡ್ಡದಂಗ ಎದ್ದು, ಹಾಸಗಿಯಂಗ ಹಾಸಿಕೊಂಡು, ಬಿಸಿಲಾಗ ಮೆತ್ತಗ ಉರಳತಿದ್ವು.

"ಗುದ್ನ್ಯಾ," ಅಂದ್ಲು ಫಕೀರವ್ವ, ಅರ್ಧ ನಿದ್ದ್ಯಾಗ. "ಇಷ್ಟು ಹತ್ತಿ ಯಾರು ಹಿಂಜ್ಯಾರೋ?"

"ಯಾರೋ ಭಾಳ ಮಂದಿ ಇರಬೇಕವ್ವಾ."

"ಒಂದೀಟೂ ಧೂಳಿಲ್ಲ ನೋಡು."

"ಇಲ್ಲವ್ವಾ."

ಆಕಿ ಅವನ ಹೆಗಲಿಗೆ ತಲಿ ಇಟ್ಟು ಮಲಗಿದ್ಲು. ಎದ್ಯಾಗ ಸುಂಯ್ ಅನ್ನೋ ಸಪ್ಪಳ ಇದ್ದಿಲ್ಲ. ಗುದ್ನೆಪ್ಪ ಮಲಗಲಿಲ್ಲ. ಒಂದು ಕಣ್ಣು ಮೋಡದ ಮ್ಯಾಲೆ, ಒಂದು ಕಣ್ಣು ದೀಪದ ಮ್ಯಾಲೆ. ದೀಪ ಆರಿದ್ರೂ, ಅವ್ವನ ನಿದ್ದಿ ಕೆಡತೈತಿ ಅಂತ ಏಳಲಿಲ್ಲ. ಅದೊಂದು ಯಾರೂ ಹೇಳಿಕೊಟ್ಟಿದ್ದಿಲ್ಲ, ನೋಡ್ರಿ.

ದಿಲ್ಲ್ಯಾಗ ಚನ್ನವೀರ ಕಾಯಕೋತ ನಿಂತಿದ್ದ. "ಬೆಳಿಗ್ಗೆನ ಬ್ಯಾನಿ ಹತ್ಯಾವ ಅತ್ತೀ, ದವಾಖಾನಿಗೆ ಸೇರಿಸೀನಿ. ನಡೀರಿ, ಲಗೂ ನಡೀರಿ!"

ಹೋದ್ರು. ಉದ್ದನ ಪಡಸಾಲಿ, ಒಂದು ಮುಚ್ಚಿದ ಬಾಗಲಾ. ಒಳಗಿಂದ ದಾಕ್ಷಾಯಣಿ ದನಿ ಬಂತು: "ಯವ್ವಾ!" ಫಕೀರವ್ವ ಚೀಲ ಬಿಟ್ಟು ಓಡಿದ್ಲು. ಮೊಣಕಾಲ ನೋವು ಎಲ್ಲಿ ಹೋತೋ! ಬಾಗಲಾ ತಗೀತು, ಆಕಿನ್ನ ಒಳಗ ತಗೊಂಡಿತು, ಮುಚ್ಚಿತು.

ಗುದ್ನೆಪ್ಪ ಹೊರಗ ಬಾಕಿನ ಮ್ಯಾಲೆ ಕುಂತ. ಕುಂತು ಮ್ಯಾಲೆ ನೋಡಿದ. ಬಾಗಲದ ನೆತ್ತಿ ಮ್ಯಾಲೆ ಕೆಂಪು ದೀಪ!

ಅಂವ ತಡಾ ಮಾಡಲಿಲ್ಲ. ಹೆಗಲ ಮ್ಯಾಲಿನ ವಲ್ಲಿ ತಗದ, ನಡಕ್ಕ ಸುತ್ತಿದ, ಬಾಕಿನ ಹಿಂದಿಂದ ತಂದು ಬಿಗದು ಕಟ್ಟಿಕೊಂಡ.

ಹೊತ್ತು ಹೋತು. ಒಳಗ ಒಂದು ಸಣ್ಣ ದನಿ ಅಳಾಕ ಹತ್ತಿತು, ಎಳೀ ಬೆಕ್ಕಿನ ಮರಿ ಹಂಗ. ಚನ್ನವೀರ ಕುಣಕೋತ ಬಂದ.

"ಗುದ್ನೆಪ್ಪಾ! ಹೆಣ್ಣು ಕೂಸು! ಸೋದರಮಾವ ಆದಿ! ಏಳು, ಬಾ!"

"ದೀಪ ಹತ್ತೈತಿ ಮಾಮಾ."

"ಯಾವ ದೀಪ?"

"ಅದು. ಯಾರು ಕರದ್ರೂ ಏಳಬಾರದು."

"ಅದು ಯಾವಾಗ್ಲೂ ಹತ್ತೇ ಇರತೈತೋ! ಆರಸೋದ ಇಲ್ಲ!"

"ಹಂಗಾದ್ರ ಕುಂತಿರತೀನಿ."

ಫಕೀರವ್ವ ಹೊರಗ ಬಂದ್ಲು, ಮಾರಿ ತುಂಬ ಬೆವರು, ಮಾರಿ ತುಂಬ ನಗಿ, ಕೈಯಾಗ ಬಟ್ಟಿ ಸುತ್ತಿದ ಕೂಸು. "ಏಳೋ ಮಳ್ಳಾ! ಇದು ವಿಮಾನ ಅಲ್ಲೋ!"

"ಎದ್ಯಾಗ ಇಟ್ಕೋ ಅಂದಿದ್ದಿ ಅವ್ವಾ. ಇಟ್ಕೊಂಡೀನಿ."

ಆಕಿ ಹಣಿ ಬಡಕೊಳ್ಳಬೇಕಂದ್ಲು. ಎರಡೂ ಕೈಯಾಗ ಕೂಸು ಇತ್ತು. ಏನು ಮಾಡತಾಳ? ತಾನ ಅವನ ಹತ್ತರ ಬಂದು, ಬಗ್ಗಿ, ಕೂಸಿನ್ನ ಅವನ ತೊಡಿ ಮ್ಯಾಲೆ ಮೆತ್ತಗ ಮಲಗಿಸಿದ್ಲು.

ಗುದ್ನೆಪ್ಪ ಕೂಸಿನ್ನ ನೋಡಿದ. ಭಾಳ ಹೊತ್ತು ನೋಡಿದ. ಆಮ್ಯಾಲೆ ಗಾಬರಿಯಾಗಿ, ಒಂದು ಕೈಲೆ ಕೂಸು ಹಿಡದು ಇನ್ನೊಂದು ಕೈಲೆ ವಲ್ಲಿ ಬಿಚ್ಚಿದ. ಈ ಸಲ ಇಬ್ಬರ ಸುತ್ತಲೂ ತಂದು, ಸಡಿಲಾಗಿ ಕಟ್ಟಿದ. ಕೂಸು ಅಳೋದು ನಿಲ್ಲಿಸಿ ಕೆಂಪು ದೀಪದ ಕಡೆ ಕಣ್ಣು ಪಿಳಿಪಿಳಿ ಮಾಡಿತು.

"ಅಳಬ್ಯಾಡ ಮಗಳ," ಅಂದ ಅಂವ, ಅದರ ಕಿವಿ ಹತ್ತರ ಬಾಯಿಟ್ಟು. "ಇನ್ನೂ ಮ್ಯಾಲೆ ಅದೀವಿ. ದೀಪ ಆರ್ಲಿ, ಇಳಿಯೂಣಂತ."